ಮೂರನೇ ಕಾನೂನು

ಬಾನು ಮುಷ್ತಾಕ್ ಅವರಿಗೆ 2025ರ ಮೇ ತಿಂಗಳಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದ ಮೇಲೆ ಐಟಿ ಆಫೀಸುಗಳಲ್ಲೂ ಒಂದು ಒಳ್ಳೆಯ ಕೆಲಸ ಆಯ್ತು. ಹೈಸ್ಕೂಲ್ ಮುಗಿದ ಮೇಲೆ ಕನ್ನಡ ಪುಸ್ತಕ ಮುಟ್ಟದವರ ಬ್ಯಾಗಿನಲ್ಲೂ ‘ಹಾರ್ಟ್ ಲ್ಯಾಂಪ್’ ಕಾಣಿಸಿಕೊಂಡಿತು. ದೀಪಾ ಭಾಸ್ತಿ ಮಾಡಿದ ಇಂಗ್ಲಿಷ್ ಅನುವಾದ, ಒಟ್ಟು ಹನ್ನೆರಡು ಕತೆ. ಸಂತೋಷವೇ. ಆದರೆ ಓದಿ ಮುಗಿಸಿದವರ ಬಾಯಲ್ಲಿ ಬರ್ತಿದ್ದ ಮಾತು ಮಾತ್ರ ಎರಡೇ ನಮೂನೆಯದು. ಒಂದು: ‘ಪಾಪ, ಅವರ ಕಾನೂನು ಎಷ್ಟು ಕ್ರೂರ ಅಲ್ವಾ? ಎಲ್ಲರಿಗೂ ಒಂದೇ ಕಾನೂನು ತಂದುಬಿಟ್ಟರೆ ಮುಗೀತು.’ ಇನ್ನೊಂದು: ‘ಇದು ನಿಜವಾದ ಇಸ್ಲಾಂ ಅಲ್ಲವೇ ಅಲ್ಲ. ಷರಿಯತ್ತಿನಲ್ಲಿ ಹೆಣ್ಣಿಗೆ ಎಲ್ಲ ಹಕ್ಕೂ ಇದೆ.’

ಈ ಇಬ್ಬರೂ ಕತೆಗಳನ್ನು ಟಿವಿ ಚರ್ಚೆಯ ಹಾಗೆ ಓದ್ತಾರೆ. ಒಂದು ಕಡೆ ಕೋರ್ಟು, ಇನ್ನೊಂದು ಕಡೆ ಷರಿಯತ್ತು, ಮಧ್ಯದಲ್ಲಿ ಒಬ್ಬ ಹೆಂಗಸು. ಯಾರು ಗೆದ್ದರೆ ಆಕೆಗೆ ಒಳ್ಳೆಯದು ಅನ್ನೋದಷ್ಟೇ ಪ್ರಶ್ನೆ. ನನ್ನ ತಕರಾರು ಇರೋದು ಈ ಓದಿನ ಬಗ್ಗೆ. ಕನ್ನಡದಲ್ಲಿ ಈ ವಿಷಯವನ್ನು ಕತೆ ಮಾಡಿದ ಇಬ್ಬರು ದೊಡ್ಡ ಲೇಖಕಿಯರು ಸಾರಾ ಅಬೂಬಕ್ಕರ್ ಮತ್ತು ಬಾನು ಮುಷ್ತಾಕ್. ಇವರ ಕತೆಗಳನ್ನು ಕಾನೂನಿನ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಓದಿ ನೋಡಿ. ಆ ಹೆಂಗಸನ್ನು ಸೋಲಿಸಿದ್ದು ಎರಡು ಕಾನೂನುಗಳಲ್ಲಿ ಒಂದು ಮಾತ್ರವೇ ಆಗಿದ್ದ ಕತೆ ಸಿಗೋದು ಕಷ್ಟ. ಎರಡರ ಮಧ್ಯೆ ಕುರ್ಚಿ ಹಾಕಿಕೊಂಡು ಕೂತ ಮೂರನೆಯವನೊಬ್ಬ ಇರ್ತಾನೆ. ಅವನ ಬಾಯಿಂದ ಬಂದದ್ದೇ ಕಾನೂನು.

ನಾದಿರಾಳ ಅಪ್ಪ

‘ಚಂದ್ರಗಿರಿಯ ತೀರದಲ್ಲಿ’ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು 1984ರಲ್ಲಿ ಪುಸ್ತಕವಾಯ್ತು. ಶಾ ಬಾನು ತೀರ್ಪು ಬಂದದ್ದು 1985ರ ಏಪ್ರಿಲ್‌ನಲ್ಲಿ. ದೇಶವಿಡೀ ತಲಾಖಿನ ಬಗ್ಗೆ ಜಗಳ ಆಡೋಕೆ ಶುರು ಮಾಡುವ ಮೊದಲೇ ಕಾಸರಗೋಡಿನ ಹೆಣ್ಣುಮಗಳೊಬ್ಬರು ಕನ್ನಡದಲ್ಲಿ ಅದನ್ನು ಬರೆದು ಮುಗಿಸಿದ್ದರು.

ಕತೆ ನಿಮಗೆ ಗೊತ್ತಿರಬಹುದು. ನಾದಿರಾ, ಅವಳ ಗಂಡ ರಶೀದ್. ಗಂಡ ಹೆಂಡತಿ ಚೆನ್ನಾಗೇ ಇದ್ದಾರೆ. ಕೈಗೂಸಿದೆ. ನಾದಿರಾಳ ಅಪ್ಪ ಮಹಮ್ಮದ್ ಖಾನನಿಗೂ ಅಳಿಯನಿಗೂ ದುಡ್ಡಿನ ವಿಷಯಕ್ಕೆ ಮನಸ್ತಾಪ ಬರುತ್ತೆ. ಅಪ್ಪ ಮಗಳನ್ನು ಮನೆಗೆ ಕರೆತಂದು ಇಟ್ಟುಕೊಳ್ತಾನೆ, ಹಟ ಹಿಡಿದು ತಲಾಖ್ ಆಗುವ ಹಾಗೆ ನೋಡಿಕೊಳ್ತಾನೆ. ಸಿಟ್ಟು ಇಳಿದು, ಇಬ್ಬರೂ ಮತ್ತೆ ಒಂದಾಗಬೇಕು ಅಂದಾಗ ನಿಯಮ ಅಡ್ಡ ಬರುತ್ತೆ: ಅವಳು ಇನ್ನೊಬ್ಬನನ್ನು ಮದುವೆಯಾಗಿ, ಅವನ ಜೊತೆ ಒಂದು ರಾತ್ರಿ ಕಳೆದು, ಅವನು ಬಿಟ್ಟ ಮೇಲಷ್ಟೇ ಮೊದಲ ಗಂಡನ ಹತ್ತಿರ ಹೋಗಬಹುದು. ನಾದಿರಾ ನೀರಿಗೆ ಬೀಳ್ತಾಳೆ.

ಈ ಕಾದಂಬರಿಯನ್ನು ನಾವು ನಲವತ್ತು ವರ್ಷದಿಂದ ‘ತಲಾಖ್ ವಿರುದ್ಧದ ಕಾದಂಬರಿ’ ಅಂತಲೇ ಓದ್ತಾ ಬಂದಿದ್ದೇವೆ. ಸರಿಯೇ. ಆದರೆ ಒಂದು ಸಣ್ಣ ಪ್ರಶ್ನೆ ಕೇಳಿಕೊಳ್ಳಿ. ಮಗಳ ಮದುವೆ ಮುರಿಯುವ ಅಧಿಕಾರವನ್ನು ಅಪ್ಪನಿಗೆ ಕೊಟ್ಟದ್ದು ಯಾವ ಕಾನೂನು? ಭಾರತದ ಯಾವ ಕಾಯ್ದೆಯೂ ಕೊಟ್ಟಿಲ್ಲ. ಷರಿಯತ್ತೂ ಕೊಟ್ಟಿಲ್ಲ. ತಲಾಖ್ ಹೇಳುವ ಹಕ್ಕು ಗಂಡನದು, ಖುಲಾ ಕೇಳುವ ಹಕ್ಕು ಹೆಂಡತಿಯದು. ಮಾವನಿಗೆ ಆ ಪಟ್ಟಿಯಲ್ಲಿ ಜಾಗವೇ ಇಲ್ಲ. ಅಂದರೆ ಇಡೀ ದುರಂತದ ಮೊದಲ ಹೆಜ್ಜೆಯೇ ಎರಡೂ ಕಾನೂನಿನ ಹೊರಗಿನದು. ಮಹಮ್ಮದ್ ಖಾನ್ ಅದನ್ನು ಅಪ್ಪ ಅನ್ನೋ ಒಂದೇ ಅರ್ಹತೆಯಿಂದ ಮಾಡ್ತಾನೆ. ಆಮೇಲೆ, ಅವನು ಬಿಗಿದ ಗಂಟನ್ನು ಬಿಚ್ಚುವ ಹೊತ್ತಿಗೆ ಮಾತ್ರ ಎಲ್ಲರಿಗೂ ಧರ್ಮದ ನಿಯಮ ನೆನಪಾಗುತ್ತೆ.

ಆ ನಿಯಮವನ್ನೂ ನೋಡೋಣ. ಮೂರು ತಲಾಖ್ ಆದ ಮೇಲೆ ಹೆಂಡತಿ ಬೇರೆ ಮದುವೆಯಾಗಿ, ಆ ಮದುವೆ ತಾನಾಗಿ ಮುಗಿದ ಹೊರತು ಮೊದಲ ಗಂಡ ಮತ್ತೆ ಆಕೆಯನ್ನು ಮದುವೆಯಾಗುವ ಹಾಗಿಲ್ಲ ಅನ್ನೋದು ಷರಿಯತ್ತಿನಲ್ಲಿ ನಿಜವಾಗಿಯೂ ಇದೆ. ಗಂಡ ತಲಾಖನ್ನು ಆಟ ಮಾಡಿಕೊಳ್ಳದಿರಲಿ ಅಂತ ಇಟ್ಟ ಬೇಲಿ ಅದು ಅಂತ ಪಂಡಿತರು ವಿವರಿಸ್ತಾರೆ. ಬಿಡಿಸಲಿಕ್ಕೆ ಅಂತಲೇ ಮಾಡಿಸುವ ಒಂದು ರಾತ್ರಿಯ ಮದುವೆಯನ್ನು ಹದೀಸಿನಲ್ಲೇ ಶಪಿಸಲಾಗಿದೆ. ಆದರೆ ಬೇಲಿ ಗಂಡನಿಗೆ ಅಂತ ಹಾಕಿದ್ದು, ಮುಳ್ಳು ಚುಚ್ಚಿದ್ದು ಹೆಂಡತಿಗೆ. ಇದನ್ನು ‘ನಿಜವಾದ ಇಸ್ಲಾಂ ಅಲ್ಲ’ ಅನ್ನೋ ಒಂದು ಮಾತಿನಲ್ಲಿ ದಾಟಿಹೋಗೋಕೆ ಆಗಲ್ಲ. ಹೆಂಗಸಿನ ಒಪ್ಪಿಗೆಗೆ ಇಲ್ಲಿ ಬೆಲೆ ಇಲ್ಲ ಅನ್ನೋದನ್ನು ಸಾರಾ ಅಬೂಬಕ್ಕರ್ ಮುಚ್ಚುಮರೆ ಇಲ್ಲದೆ ತೋರಿಸ್ತಾರೆ.

ಈಗ ಒಂದು ಪ್ರಯೋಗ ಮಾಡೋಣ. 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು ಶಾಯರಾ ಬಾನೋ ಪ್ರಕರಣದಲ್ಲಿ 3:2 ಬಹುಮತದಿಂದ, ಒಂದೇ ಸಲಕ್ಕೆ ಹೇಳುವ ತ್ರಿವಳಿ ತಲಾಖ್ ಅಸಿಂಧು ಅಂದಿತು. 2019ರ ಕಾಯ್ದೆ ಅದನ್ನು ಮೂರು ವರ್ಷದವರೆಗೆ ಜೈಲು ಆಗಬಹುದಾದ ಅಪರಾಧ ಮಾಡಿತು. ಆ ತೀರ್ಪನ್ನು ಕಾದಂಬರಿಯೊಳಗೆ ತಂದಿಟ್ಟರೆ? ನಾದಿರಾಳಿಗೆ ಆದದ್ದು ಒಂದೇ ಸಲದ ತಲಾಖ್ ಆಗಿದ್ದರೆ, ಇವತ್ತು ಅದು ಆಗಿಯೇ ಇಲ್ಲ ಅಂತ ಲೆಕ್ಕ. ಅವಳು ರಶೀದನ ಹೆಂಡತಿಯೇ. ಹಲಾಲದ ಪ್ರಶ್ನೆಯೇ ಏಳಲ್ಲ. ಅಷ್ಟರಮಟ್ಟಿಗೆ ತೀರ್ಪು ದೊಡ್ಡದು, ಒಂದು ಜೀವ ಉಳಿಸುವಷ್ಟು ದೊಡ್ಡದು. ಆದರೆ ಆ ಮಾತನ್ನು ಅವಳ ಮನೆ ಬಾಗಿಲಿಗೆ ತಲುಪಿಸೋರು ಯಾರು? ಬಾಗಿಲಲ್ಲಿ ನಿಂತಿರೋನು ಅದೇ ಮಹಮ್ಮದ್ ಖಾನ್.

ಕಾದಂಬರಿಯ ಬಗ್ಗೆ ನನಗೊಂದು ಅಸಮಾಧಾನವೂ ಇದೆ. ನಾದಿರಾಳ ಸಾವು ನಮ್ಮನ್ನು ಅಳಿಸುತ್ತೆ ನಿಜ, ಆದರೆ ಅಪ್ಪನನ್ನು ಹಿನ್ನೆಲೆಗೆ ತಳ್ಳಿಬಿಡುತ್ತೆ. ಪುಸ್ತಕ ಮುಚ್ಚುವಾಗ ನಮ್ಮ ಸಿಟ್ಟೆಲ್ಲ ಆ ಒಂದು ರಾತ್ರಿಯ ನಿಯಮದ ಮೇಲೆ ನಿಂತಿರುತ್ತೆ. ಅಲ್ಲಿಯವರೆಗೆ ಅವಳನ್ನು ತಂದು ನಿಲ್ಲಿಸಿದವನು ಸುಲಭವಾಗಿ ತಪ್ಪಿಸಿಕೊಳ್ತಾನೆ. ‘ಅವರ ಕಾನೂನು’ ಅನ್ನೋ ಓದಿಗೆ ದಾರಿ ಮಾಡಿಕೊಟ್ಟದ್ದರಲ್ಲಿ ಈ ಅಂತ್ಯದ ಪಾಲೂ ಇದೆ.

ಮುತವಲ್ಲಿಯ ಕುರ್ಚಿ

ಬಾನು ಮುಷ್ತಾಕ್ ಹಾಸನದ ವಕೀಲೆ. ಅದಕ್ಕೇ ಇರಬೇಕು, ಅವರು ಕುರ್ಚಿಯ ಮೇಲಿನ ಮನುಷ್ಯನಿಂದ ಕಣ್ಣು ತೆಗೆಯಲ್ಲ. ‘ಕರಿ ನಾಗರಗಳು’ ಕತೆಯನ್ನೇ ತಗೊಳ್ಳಿ. ಗಿರೀಶ್ ಕಾಸರವಳ್ಳಿ ಇದನ್ನು ‘ಹಸೀನಾ’ ಅಂತ ಸಿನಿಮಾ ಮಾಡಿದರು, ಅದರ ಅಭಿನಯಕ್ಕೆ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಕತೆಯಲ್ಲಿ ಹೆಂಗಸಿನ ಹೆಸರು ಅಶ್ರಫ್. ಹೆಣ್ಣುಮಕ್ಕಳನ್ನೇ ಹೆತ್ತಳು ಅಂತ ಗಂಡ ಯಾಕೂಬ್ ಬಿಟ್ಟುಹೋಗಿದ್ದಾನೆ. ಮಗು ಕಾಯಿಲೆ ಬಿದ್ದಿದೆ. ಅವಳು ಮಸೀದಿಯ ಮುತವಲ್ಲಿಯ ಹತ್ತಿರ ನ್ಯಾಯ ಕೇಳ್ತಾಳೆ. ಅವನು ದಿನ ತಳ್ತಾನೆ. ಕೊನೆಗೆ ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಹತ್ತಿರವೇ ಬಂದು ಕೂರ್ತಾಳೆ. ಆ ಮಗು ಉಳಿಯಲ್ಲ.

ಈ ಕತೆಯನ್ನು ‘ಸಿವಿಲ್ ಕಾನೂನು ಮತ್ತು ಇಸ್ಲಾಮಿಕ್ ಕಾನೂನಿನ ಸಂಘರ್ಷ’ ಅನ್ನೋ ಖಾನೆಗೆ ಹಾಕೋಕೆ ಹೋದರೆ ಒಂದು ತಮಾಷೆ ಆಗುತ್ತೆ. ಅಶ್ರಫ್ ಕೇಳ್ತಿರೋದು ತನಗೂ ಮಕ್ಕಳಿಗೂ ಊಟ, ಔಷಧಿ. ಷರಿಯತ್ತಿನ ಪ್ರಕಾರ ಹೆಂಡತಿ ಮಕ್ಕಳನ್ನು ಸಾಕೋದು ಗಂಡನ ಕರ್ತವ್ಯ. 2024ರವರೆಗೆ ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನ ಪ್ರಕಾರವೂ ಗಂಡನ ಕರ್ತವ್ಯವಾಗಿತ್ತು. 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆಯ ಪ್ರಕಾರ ಗಂಡ ಎರಡು ವರ್ಷ ಸಾಕದಿದ್ದರೆ ಹೆಂಡತಿ ಕೋರ್ಟಿಗೆ ಹೋಗಿ ಮದುವೆಯನ್ನೇ ರದ್ದು ಮಾಡಿಸಬಹುದು. ಮೂರೂ ಕಡೆ ಉತ್ತರ ಅವಳ ಪರ. ಸಂಘರ್ಷವೇ ಇಲ್ಲ! ಆದರೂ ಮಗು ಸತ್ತಿತು.

ಯಾಕೆ ಅಂದರೆ ಅವಳು ಹೋದದ್ದು ಮುತವಲ್ಲಿ ಹತ್ತಿರ. ಮುತವಲ್ಲಿ ಅಂದರೆ ಯಾರು? ವಕ್ಫ್ ಆಸ್ತಿ ನೋಡಿಕೊಳ್ಳುವ ವ್ಯವಸ್ಥಾಪಕ. ಮಸೀದಿಯ ಅಂಗಡಿ ಬಾಡಿಗೆ ವಸೂಲು ಮಾಡೋದು, ಸುಣ್ಣ ಬಣ್ಣ ಮಾಡಿಸೋದು ಅವನ ಕೆಲಸ. ಅವನು ಖಾಜಿ ಅಲ್ಲ, ಜಡ್ಜ್ ಅಂತೂ ಅಲ್ಲವೇ ಅಲ್ಲ. ಗಂಡ ಹೆಂಡತಿ ವ್ಯಾಜ್ಯ ತೀರಿಸುವ ಅಧಿಕಾರ ಮುತವಲ್ಲಿ ಅನ್ನೋ ಹುದ್ದೆಗೆ ಷರಿಯತ್ತಿನಲ್ಲೂ ಇಲ್ಲ, ವಕ್ಫ್ ಕಾಯ್ದೆಯಲ್ಲೂ ಇಲ್ಲ. 2014ರಲ್ಲಿ ಸುಪ್ರೀಂ ಕೋರ್ಟು ಫತ್ವಾಗಳಿಗೂ ದಾರುಲ್ ಖಜಾದಂಥ ಪಂಚಾಯ್ತಿಗಳ ತೀರ್ಮಾನಗಳಿಗೂ ಕಾನೂನಿನ ಬಲ ಇಲ್ಲ, ಒಪ್ಪಲೇಬೇಕು ಅಂತ ಯಾರ ಮೇಲೂ ಹೇರೋಕೆ ಆಗಲ್ಲ ಅಂತ ಸ್ಪಷ್ಟವಾಗೇ ಹೇಳಿದೆ. ಆದರೆ ಊರಿನಲ್ಲಿ ನಾಲ್ಕು ಜನ ಅವನ ಮಾತಿಗೆ ತಲೆ ಆಡಿಸ್ತಾರೆ, ಅಷ್ಟು ಸಾಕು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ರಿಕ್ವೈರ್‌ಮೆಂಟ್ ಡಾಕ್ಯುಮೆಂಟಿನಲ್ಲಿ ಬರೆದಿರೋದು ಒಂದು, ಸರ್ವರಿನ ಮೇಲೆ ಓಡ್ತಿರೋದು ಇನ್ನೊಂದು. ಡಾಕ್ಯುಮೆಂಟ್ ತೋರಿಸಿ ‘ಎಲ್ಲ ಸರಿ ಇದೆಯಲ್ಲ’ ಅನ್ನೋರಿಗೆ ಆಪರೇಷನ್ಸ್‌ನಲ್ಲಿ ಕೆಲಸ ಮಾಡಿದ ಯಾರಾದರೂ ಏನು ಹೇಳ್ತಾರೋ, ಬಾನು ಅದನ್ನೇ ಹೇಳ್ತಾರೆ.

ಕತೆಯಲ್ಲಿ ಜುಲೇಖಾ ಬೇಗಂ ಅನ್ನೋ ಓದಿದ ಹೆಂಗಸೊಬ್ಬಳು ಬರ್ತಾಳೆ. ಧರ್ಮಗ್ರಂಥದಲ್ಲಿ ನಿನಗೆ ಏನೇನು ಹಕ್ಕಿದೆ ಅಂತ ಅಶ್ರಫ್‌ಗೆ ತಿಳಿಸಿ ಹೇಳ್ತಾಳೆ. ‘ನಿಜವಾದ ಇಸ್ಲಾಂ’ ವಾದದವರಿಗೆ ಇಷ್ಟವಾಗುವ ಪಾತ್ರ ಅದು. ಆದರೆ ಬಾನು ಅವಳ ಮಾತನ್ನು ಪರಿಹಾರ ಅಂತ ತೋರಿಸಲ್ಲ. ಜ್ಞಾನ ಸಿಕ್ಕಿತು, ಧೈರ್ಯ ಬಂತು, ಮಸೀದಿಯವರೆಗೆ ಬಂದಳು, ಅಲ್ಲಿಗೆ ನಿಂತಿತು. ಹಕ್ಕು ಗೊತ್ತಿರೋದು ಬೇರೆ, ಆ ಹಕ್ಕನ್ನು ಜಾರಿ ಮಾಡಿಸುವ ಜಾಗಕ್ಕೆ ದಾರಿ ಇರೋದು ಬೇರೆ. ಇದನ್ನು ಬರೆದವರಿಗೆ ಆ ಕುರ್ಚಿಯ ಬಲ ಓದಿ ತಿಳಿದದ್ದೇನಲ್ಲ. ಹೆಂಗಸರೂ ಮಸೀದಿಗೆ ಹೋಗಬಹುದು ಅಂತ ಮಾತಾಡಿದ್ದಕ್ಕೆ 2000ದಲ್ಲಿ ಅವರೇ ಸಾಮಾಜಿಕ ಬಹಿಷ್ಕಾರ ಅನುಭವಿಸಿದವರು.

ನನಗೆ ಈ ಕತೆಯಲ್ಲಿ ತುಂಬ ಮುಖ್ಯ ಅನ್ನಿಸಿದ್ದು ಅಂತ್ಯ. ಬೀದಿಯ ಹೆಂಗಸರೆಲ್ಲ ಮುತವಲ್ಲಿಗೆ ಶಾಪ ಹಾಕ್ತಾರೆ. ಮನೆಗೆ ಬಂದರೆ ಅವನ ಹೆಂಡತಿ, ಹೆತ್ತು ಹೆತ್ತು ಸಾಕಾದವಳು, ಆಪರೇಷನ್ ಮಾಡಿಸಿಕೊಳ್ಳೋಕೆ ಹೊರಟು ನಿಂತಿದ್ದಾಳೆ. ಅಲ್ಲಿ ಕೋರ್ಟಿಲ್ಲ, ಫತ್ವಾ ಇಲ್ಲ. ಕುರ್ಚಿಗೆ ಹೆದರೋದನ್ನು ಒಬ್ಬಳು ಬಿಟ್ಟಳು, ಅಷ್ಟೇ. ನಾದಿರಾಳ ಅಂತ್ಯಕ್ಕಿಂತ ಇದು ಒಂದು ಹೆಜ್ಜೆ ಮುಂದೆ ಹೋದ ಅಂತ್ಯ ಅಂತ ನಾನು ಧೈರ್ಯವಾಗಿ ಹೇಳ್ತೀನಿ.

ಕೋರ್ಟಿಗೆ ಹೋದರೆ?

‘ಹಾಗಾದರೆ ನೆಟ್ಟಗೆ ಕೋರ್ಟಿಗೆ ಹೋಗಬಹುದಿತ್ತಲ್ಲ’ ಅನ್ನಬಹುದು. ಹೋದವರ ಲೆಕ್ಕ ನೋಡೋಣ.

ಇಂದೋರಿನ ಶಾ ಬಾನು 1932ರಲ್ಲಿ ಮದುವೆಯಾದವರು. 1975ರಲ್ಲಿ ಗಂಡ ಮನೆಯಿಂದ ಹೊರಗೆ ಹಾಕಿದ, 1978ರಲ್ಲಿ ತಲಾಖ್ ಕೊಟ್ಟ. ಗಂಡ ಸ್ವತಃ ವಕೀಲ. ಮ್ಯಾಜಿಸ್ಟ್ರೇಟ್ ಕೊಡಿಸಿದ ಜೀವನಾಂಶ ತಿಂಗಳಿಗೆ 25 ರೂಪಾಯಿ. ಹೈಕೋರ್ಟು ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ಇದನ್ನೂ ಕೊಡಲ್ಲ ಅಂತ ಗಂಡ ಸುಪ್ರೀಂ ಕೋರ್ಟಿಗೆ ಹೋದ, ಅಲ್ಲಿ ಐದು ಜಡ್ಜುಗಳ ಪೀಠದ ಮುಂದೆ ಸೋತ. ಸೋತದ್ದಕ್ಕೆ ಸರ್ಕಾರ 1986ರಲ್ಲಿ ಹೊಸ ಕಾಯ್ದೆಯನ್ನೇ ತಂದಿತು. ಇದ್ದತ್ ಅವಧಿ, ಅಂದರೆ ಸುಮಾರು ಮೂರು ತಿಂಗಳು, ಮುಗಿದ ಮೇಲೆ ಗಂಡನ ಹೊಣೆ ಇಲ್ಲ ಅಂತ ಆ ಕಾಯ್ದೆಯನ್ನು ಎಲ್ಲರೂ ಓದಿಕೊಂಡರು. 2001ರಲ್ಲಿ ಡೇನಿಯಲ್ ಲತೀಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದೇ ಕಾಯ್ದೆಯನ್ನು ಬೇರೆ ಥರ ಓದಿತು: ಇದ್ದತ್ ಅವಧಿಯೊಳಗೆ ಕೊಡಬೇಕಾದದ್ದು ಆ ಮೂರು ತಿಂಗಳ ಖರ್ಚು ಮಾತ್ರ ಅಲ್ಲ, ಆಕೆಯ ಮುಂದಿನ ಬದುಕಿಗೆ ಸಾಕಾಗುವ ಏರ್ಪಾಡು. 2024ರ ಜುಲೈ 10ರಂದು ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಆಗಸ್ಟೀನ್ ಜಾರ್ಜ್ ಮಸೀಹ್ ಅವರ ಪೀಠ, 125ನೇ ಕಲಂ ಮುಸ್ಲಿಂ ಹೆಂಗಸರಿಗೂ ಅನ್ವಯಿಸುತ್ತೆ ಅಂತ ಮತ್ತೊಮ್ಮೆ ಹೇಳಿತು. 1985ರಲ್ಲಿ ಹೇಳಿದ್ದನ್ನು 2024ರಲ್ಲಿ ಮತ್ತೆ ಹೇಳಬೇಕಾಯ್ತು. ಮೂವತ್ತೊಂಬತ್ತು ವರ್ಷ.

ನಮ್ಮ ಬೆಂಗಳೂರಿನದೇ ಒಂದು ಪ್ರಕರಣ ಇದೆ. ಮದುವೆಯ ಮೆಹರ್ 5,000 ರೂಪಾಯಿ. ತಲಾಖ್ ಆದದ್ದು 1991ರಲ್ಲಿ. ತಿಂಗಳಿಗೆ 3,000 ಜೀವನಾಂಶ ಕೊಡು ಅಂತ ಡಿಕ್ರಿ ಆದದ್ದು 2011ರಲ್ಲಿ. ಆ ಡಿಕ್ರಿಯಿಂದ ತಪ್ಪಿಸಿಕೊಳ್ಳೋಕೆ ನೋಡಿದ ಗಂಡನ ಅರ್ಜಿಯನ್ನು ಹೈಕೋರ್ಟು ವಜಾ ಮಾಡಿದ್ದು 2021ರಲ್ಲಿ. ಮೆಹರ್ ಕೊಟ್ಟ ಮಾತ್ರಕ್ಕೆ ಹೊಣೆ ಮುಗಿಯಲ್ಲ ಅಂತ ಕೋರ್ಟು ಒಳ್ಳೆಯ ತೀರ್ಪೇ ಕೊಟ್ಟಿತು. ಆದರೆ ತಲಾಖಿನಿಂದ ಆ ತೀರ್ಪಿಗೆ ಮೂವತ್ತು ವರ್ಷ. ಅಶ್ರಫ್ ಮಸೀದಿಯ ಮುಂದೆ ಕೂತದ್ದು ಯಾಕೆ ಅಂತ ಈಗ ಅರ್ಥ ಆಗುತ್ತಲ್ಲ? ಮಸೀದಿ ನಡೆದುಹೋಗುವಷ್ಟು ಹತ್ತಿರ ಇದೆ. ಕೋರ್ಟಿಗೆ ಬಸ್ ಚಾರ್ಜು ಬೇಕು, ವಕೀಲರ ಫೀಸು ಬೇಕು, ಅದಕ್ಕಿಂತ ಹೆಚ್ಚಾಗಿ ಅಷ್ಟು ಆಯಸ್ಸು ಬೇಕು.

ಇನ್ನೊಂದು ಮಾತು. ‘ಕೋರ್ಟು ವರ್ಸಸ್ ಷರಿಯತ್ತು’ ಅನ್ನೋ ಗೆರೆ ನಾವು ಅಂದುಕೊಂಡಷ್ಟು ನೆಟ್ಟಗಿಲ್ಲ. ಶಾ ಬಾನು ತೀರ್ಪು ಖುರ್‌ಆನಿನ ವಾಕ್ಯಗಳನ್ನೇ ಆಧಾರ ಮಾಡಿಕೊಂಡಿತು. ಗ್ರಂಥಕ್ಕೆ ಅರ್ಥ ಹೇಳೋಕೆ ಇವರು ಯಾರು ಅನ್ನೋದೇ ಆಗ ಎದ್ದ ವಿರೋಧದ ಒಂದು ಕಾರಣ. 1939ರ ಕಾಯ್ದೆಯ ಕತೆ ಇನ್ನೂ ಸ್ವಾರಸ್ಯ. ಇಲ್ಲಿನ ಬಹುಪಾಲು ಮುಸ್ಲಿಮರು ಪಾಲಿಸುವ ಹನಫಿ ಪಂಥದಲ್ಲಿ, ಗಂಡ ಕಾಣೆಯಾದರೂ ಬಿಟ್ಟುಹೋದರೂ ಹೆಂಡತಿಗೆ ಬಿಡುಗಡೆ ಸಿಗೋದು ತುಂಬ ಕಷ್ಟವಿತ್ತು. ಮತ ಬಿಟ್ಟರೆ ಮದುವೆ ತಾನಾಗೇ ಮುರಿಯುತ್ತೆ ಅನ್ನೋ ಕಾರಣಕ್ಕೆ ಕೆಲವು ಹೆಂಗಸರು ಮತವನ್ನೇ ಬಿಟ್ಟರು. ಆಗ ಅಶ್ರಫ್ ಅಲಿ ಥಾನವಿ ಅವರಂಥ ಸಂಪ್ರದಾಯಸ್ಥ ವಿದ್ವಾಂಸರೇ, ಮಾಲಿಕಿ ಪಂಥದ ಉದಾರ ನಿಯಮಗಳನ್ನು ಇಲ್ಲೂ ಬಳಸಬಹುದು ಅಂತ ದಾರಿ ತೋರಿಸಿದರು. ಅದನ್ನೇ ಕಾಯ್ದೆ ಮಾಡಿದರು. ಅಂದರೆ ಒತ್ತಡ ಬಂದಾಗ ಷರಿಯತ್ತೂ ಬಾಗಿದೆ, ಕೋರ್ಟೂ ಷರಿಯತ್ತಿನ ಮಾತಲ್ಲಿ ಮಾತಾಡಿದೆ. ಬಾಗದೆ ನಿಂತಿರೋದು ಕುರ್ಚಿ ಒಂದೇ.

ತಂಗಿಯ ಪಾಲು

ಈ ಕುರ್ಚಿ ಎಷ್ಟು ಜಾಣ ಅಂತ ನೋಡಬೇಕಾದರೆ ಆಸ್ತಿಯ ವಿಷಯಕ್ಕೆ ಬರಬೇಕು. ಬಾನು ಅವರ ‘ಬೆಂಕಿ ಮಳೆ’ಯಲ್ಲಿ ಮುತವಲ್ಲಿಯೊಬ್ಬನ ಮನೆಗೆ ತಂಗಿ ಬಂದು ಅಪ್ಪನ ಆಸ್ತಿಯಲ್ಲಿ ತನ್ನ ಪಾಲು ಕೇಳ್ತಾಳೆ. ಅವಳು ಕೇಳ್ತಿರೋದು ಷರಿಯತ್ತು ಕೊಟ್ಟ ಪಾಲನ್ನೇ. ಕೇಳಿಸಿಕೊಳ್ಳಬೇಕಾದವನು ಧರ್ಮ ಕಾಯುವ ಮುತವಲ್ಲಿ. ಅವನಿಗೆ ಮೈ ಉರಿಯುತ್ತೆ. ಮನೆಯ ವಿಷಯ ಹಾಗೇ ಬಿಟ್ಟು, ಯಾವುದೋ ಹೆಣವನ್ನು ತಪ್ಪು ಸ್ಮಶಾನದಲ್ಲಿ ಹೂಳಿದ್ದಾರೆ ಅನ್ನೋ ಗಲಾಟೆಗೆ ನಾಯಕನಾಗಿ ಹೊರಡ್ತಾನೆ. ತಂಗಿಗೆ ಧರ್ಮದ ಪಾಲು ಕೊಡೋಕೆ ಆಗದವನು ಧರ್ಮ ಉಳಿಸೋಕೆ ಬೀದಿಗೆ ಇಳಿದ! ಧರ್ಮ ಯಾವುದೇ ಇರಲಿ, ಇಂಥ ಮುಖಂಡರನ್ನು ನೀವು ನೋಡಿಲ್ಲ ಅಂದರೆ ನಾನು ನಂಬಲ್ಲ.

ಕತೆಯ ದೋಷವನ್ನೂ ಹೇಳಬೇಕು. ಹೆಣದ ಪ್ರಸಂಗದ ವ್ಯಂಗ್ಯ ಎಷ್ಟು ಜೋರಾಗಿದೆ ಅಂದರೆ ಅದೇ ಕತೆಯ ದೊಡ್ಡ ಭಾಗ ತಿಂದುಬಿಡುತ್ತೆ. ಊರು ತಂಗಿಯನ್ನು ಮರೆತ ಹಾಗೆ ಓದುಗರೂ ಮರೀತಾರೆ. ಕತೆ ನೆನಪಿದೆಯಾ ಅಂತ ಯಾರನ್ನಾದರೂ ಕೇಳಿ, ಹೆಣದ ವಿಷಯವನ್ನೇ ಹೇಳ್ತಾರೆ. ನನಗೆ ಬೇಕಿದ್ದದ್ದು ಆ ತಂಗಿಯ ಜೊತೆ ಇನ್ನೊಂದು ಗಂಟೆ.

ಯಾಕೆ ಅಂದರೆ ಅವಳ ಹಿಂದೆ ದೊಡ್ಡ ಇತಿಹಾಸವಿದೆ. 1937ರ ಷರಿಯತ್ ಕಾಯ್ದೆ ತಂದಾಗ ಕೊಟ್ಟ ಒಂದು ಮುಖ್ಯ ಕಾರಣ, ಊರ ರೂಢಿ ಮುಸ್ಲಿಂ ಹೆಣ್ಣುಮಕ್ಕಳಿಗೆ ಆಸ್ತಿ ತಪ್ಪಿಸ್ತಿದೆ, ಷರಿಯತ್ತು ಬಂದರೆ ಅವರಿಗೆ ಪಾಲು ಸಿಗುತ್ತೆ ಅನ್ನೋದು. ಆದರೆ ಕಾಯ್ದೆಯ ಎರಡನೇ ಕಲಮಿನಲ್ಲಿ ಒಂದು ಸಣ್ಣ ವಿನಾಯಿತಿ ಕೂತಿತ್ತು: ಕೃಷಿ ಭೂಮಿಗೆ ಇದು ಅನ್ವಯಿಸಲ್ಲ. ಜಮೀನು ಪ್ರಾಂತ್ಯಗಳ ವ್ಯಾಪ್ತಿಗೆ ಸೇರಿದ ವಿಷಯ ಅನ್ನೋದು ಕಾರಣ. ಊರಲ್ಲಿ ಆಸ್ತಿ ಅಂದರೆ ಜಮೀನೇ ತಾನೇ? ಅದನ್ನೇ ಬಿಟ್ಟು ಉಳಿದದ್ದಕ್ಕೆ ಷರಿಯತ್ತು. ಮದ್ರಾಸು 1949ರಲ್ಲಿ ಈ ವಿನಾಯಿತಿ ತೆಗೆದುಹಾಕಿತು, ಆದರೆ ಕೇಂದ್ರ ಕಾಯ್ದೆಯ ಮೂಲ ಪಠ್ಯದಲ್ಲಿ ಅದು ಹಾಗೇ ಉಳಿಯಿತು. ಧರ್ಮ ಉಳಿಸುವ ಕಾಯ್ದೆಯೂ ಹೊಲದ ಬದುವಿನವರೆಗೆ ಬಂದು ನಿಂತುಬಿಟ್ಟಿತು.

ನಮ್ಮ ಕಡೆ

ಇಲ್ಲಿಯವರೆಗೆ ಓದಿ ‘ನಮ್ಮಲ್ಲಿ ಹಾಗಿಲ್ಲಪ್ಪ’ ಅಂತ ಅಂದುಕೊಳ್ತಿದ್ದರೆ ಒಂದು ನಿಮಿಷ ತಡೀರಿ. ನಾನು ಹುಟ್ಟಿದ್ದು ಹಳ್ಳಿಯ ಹಿಂದೂ ಒಕ್ಕಲು ಮನೆಯಲ್ಲಿ. ಕರ್ನಾಟಕ 1994ರಲ್ಲೇ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು, ಅದಕ್ಕೂ ಮುಂಚೆ ಮದುವೆಯಾದವರನ್ನು ಬಿಟ್ಟು. 2005ರಲ್ಲಿ ಕೇಂದ್ರ ಕಾಯ್ದೆ ತಿದ್ದುಪಡಿಯಾಗಿ ಮದುವೆಯಾದವರಿಗೂ ಆಗದವರಿಗೂ ಹಕ್ಕು ಬಂತು. ಅದಾದ ಕೆಲವು ವರ್ಷಕ್ಕೆ ನಮ್ಮ ತಾತ ತೀರಿಕೊಂಡರು. ಪೌತಿ ಖಾತೆ ಆಗಬೇಕಿತ್ತು. ಅದಕ್ಕೆ ವಂಶವೃಕ್ಷ ಬೇಕು. ಬರೆಸಿದ ಮೊದಲ ವಂಶವೃಕ್ಷದಲ್ಲಿ ಇಬ್ಬರು ಅತ್ತೆಯರ ಹೆಸರೇ ಇರಲಿಲ್ಲ. ಕಚೇರಿಯಲ್ಲಿ ತಗಾದೆ ಬಂದ ಮೇಲೆ ಹೆಸರು ಸೇರಿತು. ಸೇರಿದ ತಿಂಗಳಲ್ಲೇ ಇಬ್ಬರನ್ನೂ ಜೀಪಿನಲ್ಲಿ ಕೂರಿಸಿಕೊಂಡು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋದರು. ಹಕ್ಕು ಬಿಡುಗಡೆ ಪತ್ರ. ದೊಡ್ಡತ್ತೆ ಹೆಬ್ಬೆಟ್ಟು ಒತ್ತಿದರು, ಚಿಕ್ಕತ್ತೆ ಸಹಿ ಹಾಕಿದರು. ಮಧ್ಯಾಹ್ನ ಹೋಟೆಲಿನಲ್ಲಿ ಊಟ, ಇಬ್ಬರಿಗೂ ಒಂದೊಂದು ರೇಷ್ಮೆ ಸೀರೆ.

‘ನಂಗ್ಯಾಕ್ ಮಗಾ ಜಮೀನು? ವರ್ಷಕ್ಕೊಂದ್ಸಲ ಕರ್ದು ಅರಿಶ್ನ ಕುಂಕುಮ ಕೊಟ್ರೆ ಸಾಕು’ ಅಂದರು ದೊಡ್ಡತ್ತೆ. ಅವರು ಸುಳ್ಳು ಹೇಳಲಿಲ್ಲ. ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತೆ ಅಂತ ಅವರಿಗೆ ಗೊತ್ತಿತ್ತು. ಗಂಡನ ಮನೆಯಲ್ಲಿ ನಾಳೆ ಏನಾದರೂ ಆದರೆ ಹೋಗೋಕೆ ಇರೋದು ಅದೊಂದೇ ಬಾಗಿಲು. ಯಾರೂ ಹೆದರಿಸಲಿಲ್ಲ, ಯಾರೂ ಬೈಯಲಿಲ್ಲ. ಎಲ್ಲ ಸಂತೋಷವಾಗಿ, ಕಾನೂನುಬದ್ಧವಾಗಿ, ಸ್ಟಾಂಪು ಕಾಗದದ ಮೇಲೇ ನಡೀತು.

ಲೆಕ್ಕ ಹಾಕಿ. ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಇರುವ ಮನೆ ಅಂತ ಇಟ್ಕೊಳ್ಳಿ. ಷರಿಯತ್ತಿನ ಪ್ರಕಾರ ಮಗನಿಗೆ ಅರ್ಧ, ಒಬ್ಬೊಬ್ಬ ಮಗಳಿಗೂ ಕಾಲು. ಹಿಂದೂ ಕಾನೂನಿನ ಪ್ರಕಾರ ಮೂವರಿಗೂ ಮೂರನೇ ಒಂದು. ಎರಡಕ್ಕೂ ವ್ಯತ್ಯಾಸ ಇದೆ, ಅದು ಸಣ್ಣ ವ್ಯತ್ಯಾಸವೂ ಅಲ್ಲ. ಆದರೆ ಮುತವಲ್ಲಿಯ ತಂಗಿ ಮತ್ತು ನಮ್ಮ ದೊಡ್ಡತ್ತೆ ಅಕ್ಕಪಕ್ಕ ಕೂತು ಪಹಣಿ ತೆಗೆದು ನೋಡಿದರೆ ಇಬ್ಬರ ಹೆಸರಿನ ಮುಂದೆಯೂ ಇರೋದು ಒಂದೇ ಅಂಕಿ. ಸೊನ್ನೆ.

ಹಾಗಂತ ಎರಡೂ ಒಂದೇನಾ?

ಅಲ್ಲ. ಇಲ್ಲಿ ಸ್ಪಷ್ಟವಾಗಿರಬೇಕು. ನಮ್ಮ ಅತ್ತೆ ನಾಳೆ ಮನಸ್ಸು ಮಾಡಿ ಕೋರ್ಟಿಗೆ ಹೋದರೆ, ಕನಿಷ್ಠ ಕಾನೂನಿನ ಪುಸ್ತಕ ಅವರನ್ನು ಅಣ್ಣತಮ್ಮಂದಿರ ಸಮಕ್ಕೆ ಕೂರಿಸುತ್ತೆ. ಮುಸ್ಲಿಂ ಹೆಣ್ಣುಮಗಳಿಗೆ ಪುಸ್ತಕದಲ್ಲೇ ಅರ್ಧ. ಗಂಡ ಒಂದೇ ಸಲಕ್ಕೆ ತಲಾಖ್ ಹೇಳುವ ಹಾಗಿಲ್ಲ ನಿಜ, ಆದರೆ ತಿಂಗಳಿಗೊಂದರ ಹಾಗೆ ಮೂರು ತಿಂಗಳು ಹೇಳಿದರೆ ಈಗಲೂ ಕೋರ್ಟಿನ ಬಾಗಿಲು ತಟ್ಟದೆ ಮದುವೆ ಮುಗಿಸಬಹುದು. ಹೆಂಡತಿ ಮಾತ್ರ ಕೋರ್ಟಿಗೆ ಹೋಗಬೇಕು, ಇಲ್ಲ ಖುಲಾ ಕೇಳಬೇಕು. ಈ ಅಸಮಾನತೆ ಕುರ್ಚಿಯವನು ಹುಟ್ಟಿಸಿದ್ದಲ್ಲ, ನಿಯಮದಲ್ಲೇ ಇದೆ. ನಿಯಮ ಬದಲಾಗಬೇಕು ಅಂತ ಕೇಳೋದರಲ್ಲಿ ತಪ್ಪಿಲ್ಲ. ಆ ಮಾತನ್ನು ಮೊದಲು, ಗಟ್ಟಿಯಾಗಿ ಹೇಳಿದವರೂ ಸಾರಾ, ಬಾನು ಅವರಂಥ ಹೆಂಗಸರೇ.

ನಾನು ಹೇಳ್ತಿರೋದು ಇಷ್ಟೇ: ನಿಯಮ ಬದಲಾದ ದಿನವೇ ಕತೆ ಮುಗಿಯುತ್ತೆ ಅಂತ ನಂಬುವವರು ಈ ಕತೆಗಳನ್ನು ಓದಿಯೂ ಓದಿಲ್ಲ. ಉತ್ತರಾಖಂಡದಲ್ಲಿ 2025ರ ಜನವರಿಯಿಂದ ಸಮಾನ ನಾಗರಿಕ ಸಂಹಿತೆ ಜಾರಿಗೆ ಬಂದಿದೆ. ಅಲ್ಲಿ ಪುಸ್ತಕದಲ್ಲಿ ಪಾಲು ಸಮ. ಆದರೆ ಸಮಪಾಲು ಬಂದ ಮೇಲೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದಿನ ಪತ್ರ ಬರಹಗಾರರನ್ನು ಕೇಳಿ. ಹಕ್ಕು ಬಿಡುಗಡೆ ಪತ್ರದ ಒಕ್ಕಣೆ ಅವರಿಗೆ ಬಾಯಿಪಾಠ.

ಅದೇ ಜಿಲ್ಲೆ, ಇನ್ನೊಬ್ಬ ಅಪ್ಪ

ಇಷ್ಟೆಲ್ಲ ಹೇಳಿದ ಮೇಲೆ ಕುರ್ಚಿಯಿಂದ ಎದ್ದುಬಂದವರ ಉದಾಹರಣೆಯೂ ಬೇಕಲ್ಲ. ಚಂದ್ರಗಿರಿ ಹರಿಯುವ ಅದೇ ಕಾಸರಗೋಡು ಜಿಲ್ಲೆಯ ಕಾಞಂಗಾಡಿನಲ್ಲಿ 2023ರ ಮಾರ್ಚ್ 8ರಂದು ಒಂದು ಮದುವೆ ನಡೀತು. ವರ ವಕೀಲ ಮತ್ತು ನಟ ಸಿ. ಶುಕ್ಕೂರ್. ವಧು ಶೀನಾ, ವಿಶ್ವವಿದ್ಯಾಲಯವೊಂದರ ಮಾಜಿ ಸಹಕುಲಪತಿ. ಇಬ್ಬರಿಗೂ 1994ರಲ್ಲೇ ನಿಕಾಹ್ ಆಗಿತ್ತು, ಮೂವರು ಹೆಣ್ಣುಮಕ್ಕಳಿದ್ದರು. ಆದರೂ 1954ರ ವಿಶೇಷ ವಿವಾಹ ಕಾಯ್ದೆಯ ಅಡಿ ಸಬ್ ರಿಜಿಸ್ಟ್ರಾರ್ ಮುಂದೆ ಮತ್ತೊಮ್ಮೆ ಮದುವೆಯಾದರು.

ಕಾರಣ ಆಸ್ತಿ. ಗಂಡುಮಗ ಇಲ್ಲದಿದ್ದರೆ ಷರಿಯತ್ತಿನ ಪ್ರಕಾರ ಹೆಣ್ಣುಮಕ್ಕಳೆಲ್ಲರಿಗೂ ಸೇರಿ ಮೂರನೇ ಎರಡು ಭಾಗ. ಉಳಿದದ್ದರಲ್ಲಿ ಅಪ್ಪನ ಅಣ್ಣತಮ್ಮಂದಿರು ಪಾಲುದಾರರಾಗ್ತಾರೆ. ಉಯಿಲು ಬರೆದು ತಪ್ಪಿಸೋಣ ಅಂದರೆ ಆಸ್ತಿಯ ಮೂರನೇ ಒಂದಕ್ಕಿಂತ ಹೆಚ್ಚು ಬರೆಯುವ ಹಾಗಿಲ್ಲ. ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾದರೆ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತೆ, ಆಸ್ತಿ ಸಂಗಾತಿಗೆ ಮತ್ತು ಮಕ್ಕಳಿಗೆ ಹೋಗುತ್ತೆ. ಕೆಲವು ಧರ್ಮ ವಿದ್ವಾಂಸರಿಂದ ಟೀಕೆ ಬಂತು. ಆದರೆ ಅವರು ಮತ ಬಿಡಲಿಲ್ಲ, ಯಾರನ್ನೂ ಬೈಯಲಿಲ್ಲ. ಇರುವ ಎರಡು ಕಾನೂನುಗಳಲ್ಲಿ ಮಕ್ಕಳಿಗೆ ನ್ಯಾಯ ಕೊಡುವುದನ್ನು ಆರಿಸಿಕೊಂಡರು.

ಮಹಮ್ಮದ್ ಖಾನನಿಗೂ ಈ ಅಪ್ಪನಿಗೂ ಇರುವ ವ್ಯತ್ಯಾಸ ಧರ್ಮದ್ದಲ್ಲ, ಜಿಲ್ಲೆಯದ್ದೂ ಅಲ್ಲ. ಒಬ್ಬ ಯಾವ ಕಾನೂನೂ ಕೊಡದ ಅಧಿಕಾರವನ್ನು ತಾನೇ ತಗೊಂಡು ಮಗಳ ಬದುಕು ಮುರಿದ. ಇನ್ನೊಬ್ಬರು ಕಾನೂನು ಕೊಟ್ಟ ದಾರಿ ಹುಡುಕಿ ಹೆಣ್ಣುಮಕ್ಕಳ ಹೆಸರು ಬರೆಸಿದರು. ಶುಕ್ಕೂರ್ ದಂಪತಿಗೆ ಓದು ಇತ್ತು, ಸ್ಥಾನಮಾನ ಇತ್ತು, ಕಾನೂನು ಗೊತ್ತಿತ್ತು ಅನ್ನೋದನ್ನೂ ಮರೆಯಬಾರದು. ಅಶ್ರಫ್‌ಗೆ ಇದ್ಯಾವುದೂ ಇರಲಿಲ್ಲ.

‘ಚಂದ್ರಗಿರಿಯ ತೀರದಲ್ಲಿ’, ‘ಕರಿ ನಾಗರಗಳು’, ‘ಬೆಂಕಿ ಮಳೆ’ ಮೂರನ್ನೂ ಕನ್ನಡದಲ್ಲೇ ಓದಿ. ಓದುವಾಗ ಯಾವ ಕಾನೂನು ಸರಿ ಅಂತ ಕೇಳೋದರ ಜೊತೆಗೆ, ತೀರ್ಮಾನ ಮಾಡಿದವನು ಯಾರು, ಅವನಿಗೆ ಆ ಅಧಿಕಾರ ಕೊಟ್ಟವರು ಯಾರು ಅಂತಲೂ ಕೇಳಿಕೊಳ್ಳಿ. ಆಮೇಲೆ ಹಬ್ಬಕ್ಕೆ ಊರಿಗೆ ಹೋದಾಗ ಪೆಟ್ಟಿಗೆಯಲ್ಲಿರುವ ನಿಮ್ಮ ಮನೆಯ ವಂಶವೃಕ್ಷವನ್ನೊಮ್ಮೆ ತೆಗೆಸಿ ನೋಡಿ. ಅದರಲ್ಲಿ ಎಷ್ಟು ಅತ್ತೆಯರು, ಎಷ್ಟು ಅಕ್ಕತಂಗಿಯರ ಹೆಸರಿದೆ ಅಂತ ಎಣಿಸಿ.